ಹೊಗೆಯಿಲ್ಲದ ಇದ್ದಿಲು

ಇದ್ದಿಲ ಗೂಡಿಗೆ ಬೆಂಕಿ ಇಟ್ಟ ನಾಲ್ಕನೆಯ ದಿನ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ತಂಗಿಗೆ ಫೋನ್ ಬಂತು. ಅಣ್ಣ ಆಗ ಗೂಡಿಗೆ ಒರಗಿಸಿದ ಏಣಿಯ ಮೇಲೆ ಬೋರಲಾಗಿ ಮಲಗಿ ಬಿರುಕಿಗೆ ಮಣ್ಣು ಮೆತ್ತುತ್ತಿದ್ದ. ಗೂಡಿನ ಮೇಲೆ ನಿಂತರೆ ಕಾಲು ಒಳಗೆ ಹೋಗುತ್ತದೆ. ಒಳಗೆ ಹೋದ ಕಾಲು ಹೊರಗೆ ಬರುವಾಗ ಕಾಲಿನ ಹಾಗಿರುವುದಿಲ್ಲ.

"ಯಾರೇ ಅದು?" ಎಂದು ಮೇಲಿನಿಂದಲೇ ಕೇಳಿದ.

"ಅತ್ತೆಮನೆ ಪಕ್ಕದ ಟೈಲರಕ್ಕ."

"ಏನಂತೆ?"

"ಅತ್ತೆ ಮನೆ ಖಾಲಿ ಮಾಡ್ತಿದ್ದಾರಂತೆ. ಸಾಯಂಕಾಲ ಐದಕ್ಕೆ ಲಾರಿ. ದೊಡ್ಡ ಮಗಳ ಊರಿಗೆ ಹೋಗ್ತಾರಂತೆ."

"ಮಗು?"

ತಂಗಿ ಫೋನಿಗೆ ಹತ್ತಿದ್ದ ಮಣ್ಣನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಬುಟ್ಟಿ ಎತ್ತಿಕೊಂಡು ಹಸಿ ಮಣ್ಣು ತರಲು ಹೋದಳು. ಗೂಡಿಗೆ ಮಣ್ಣು ಬೇಕಿತ್ತು. ಅದಕ್ಕೆ ಯಾರ ಮಗುವಾದರೇನು.

ಗೂಡು ಅಂದರೆ ಒಂದೂವರೆ ಆಳೆತ್ತರದ ಮಣ್ಣಿನ ಗುಡ್ಡೆ. ಒಳಗೆ ಒಟ್ಟೊಟ್ಟಾಗಿ ನಿಲ್ಲಿಸಿದ ಸೌದೆ, ಅದರ ಮೇಲೆ ಹಸಿ ಸೊಪ್ಪಿನ ಹೊದಿಕೆ, ಅದರ ಮೇಲೆ ಒಂದು ಗೇಣು ಮಣ್ಣು. ನಡುವಿನ ಕೊಳವೆಯಿಂದ ಕೆಂಡ ಸುರಿದು ಬಾಯಿ ಮುಚ್ಚಿಬಿಟ್ಟರೆ ಮುಂದಿನ ಆರು ದಿನ ಕಾಯುವುದೊಂದೇ ಕೆಲಸ. ಬುಡದಲ್ಲಿ ಹನ್ನೆರಡು ಕಂಡಿಗಳು. ಒಳಗಿನ ಬೆಂಕಿಗೆ ಸಾಯದಿರುವಷ್ಟು ಗಾಳಿ ಕೊಡಬೇಕು, ಉರಿಯುವಷ್ಟು ಕೊಡಬಾರದು. ಇಡೀ ಕಸುಬು ಅಷ್ಟೇ. ಮೊದಲೆರಡು ದಿನ ಹೊಗೆ ಬೆಳ್ಳಗೆ ದಪ್ಪಗೆ ಬರುತ್ತದೆ, ಅದು ಸೌದೆಯ ನೀರು. ಆಮೇಲೆ ಹಳದಿ ತಿರುಗುತ್ತದೆ, ಕಣ್ಣು ಮೂಗು ಉರಿಸುತ್ತದೆ. ಕೊನೆಗೆ ತೆಳ್ಳಗೆ, ನೀಲಿಯಾಗಿ, ಇದೆಯೋ ಇಲ್ಲವೋ ಎನ್ನುವ ಹಾಗೆ. ನೀಲಿ ಬಂದಾಗ ಎಲ್ಲ ಕಂಡಿ ಮುಚ್ಚಿ, ಆರಲು ಬಿಟ್ಟು, ಆಮೇಲೆ ಬಿಚ್ಚಬೇಕು. ಇವತ್ತು ಹಳದಿ ಇತ್ತು. ಇನ್ನೂ ಎರಡು ದಿನ.

ಈ ಎರಡು ದಿನದಲ್ಲೇ ಗೂಡು ತುಂಬ ಕಿತಾಪತಿ ಮಾಡುವುದು. ಒಳಗಿನ ಸೌದೆ ಬೆಂದು ಕುಗ್ಗುತ್ತದೆ, ಮಣ್ಣು ಕುಸಿಯುತ್ತದೆ, ಅಲ್ಲಲ್ಲಿ ತೂತು ಬೀಳುತ್ತದೆ. ಒಂದು ತೂತನ್ನು ಅರ್ಧ ಗಂಟೆ ನೋಡದೆ ಬಿಟ್ಟರೆ ಗಾಳಿ ಒಳಗೆ ನುಗ್ಗಿ ಉರಿ ಏಳುತ್ತದೆ. ಅರ್ಧ ದಿನ ಬಿಟ್ಟರೆ ಬೂದಿ. ಹಾಗಾಗಿ ಹೊತ್ತಿದ ಗೂಡನ್ನು ಇವರ ಮನೆಯಲ್ಲಿ ಯಾರೂ ಯಾವತ್ತೂ ಬಿಟ್ಟು ಹೋದವರಲ್ಲ. ಅಮ್ಮ ತೀರಿಕೊಂಡಾಗ ಅಪ್ಪ ಗೂಡಿನ ಪಕ್ಕದಿಂದ ಕದಲಿರಲಿಲ್ಲ. ಹೆಣ ಹೊತ್ತವರೇ ದಾರಿ ಬಳಸಿ ಇಲ್ಲಿಗೆ ಬಂದು, ಐದು ನಿಮಿಷ ಕೆಳಗಿಳಿಸಿ, ಅಪ್ಪನಿಗೆ ಮುಖ ತೋರಿಸಿ ಹೋಗಿದ್ದರು. ಆಗ ತಂಗಿಗೆ ಆರು ವರ್ಷ. ಅಮ್ಮನ ಕೆನ್ನೆ ಮೇಲೆ ಒಂದು ಚೂರು ಮಸಿ ಬಂದು ಕೂತಿದ್ದು ಅವಳಿಗೆ ನೆನಪಿದೆ. ಅಣ್ಣನಿಗೆ ಹೊಗೆಯ ಬಣ್ಣ ನೆನಪಿದೆ.

ಅಣ್ಣನನ್ನು ಪೇಟೆಯ ಇಸ್ತ್ರಿಯವರು ಗಂಟೆ ಅಂತ ಕರೆಯುತ್ತಾರೆ. ಇದ್ದಿಲಿನ ಎರಡು ತುಂಡು ತೆಗೆದು ಒಂದಕ್ಕೊಂದು ತಾಗಿಸಿದರೆ, ಚೆನ್ನಾಗಿ ಬೆಂದದ್ದು ಗಾಜಿನ ಹಾಗೆ ಣಣ್ ಅನ್ನುತ್ತದೆ, ಅರೆಬೆಂದದ್ದು ಸೌದೆಯ ಹಾಗೆ ಟಪ್ ಅನ್ನುತ್ತದೆ. ಅವನು ಪ್ರತಿ ಚೀಲಕ್ಕೂ ಹಾಗೆ ಬಡಿದು ತೋರಿಸುತ್ತಿದ್ದ. "ಗಂಟೆ ಬಂತು, ಎದ್ದೇಳ್ರೋ" ಎಂದು ಅವರು ತಮಾಷೆ ಮಾಡುತ್ತಿದ್ದರು. ಮಾಡಿದರೂ ಅವನ ಇದ್ದಿಲನ್ನೇ ಕೊಳ್ಳುತ್ತಿದ್ದರು. ಇಸ್ತ್ರಿ ಪೆಟ್ಟಿಗೆಯಲ್ಲಿ ಅರೆಬೆಂದ ಒಂದು ಕೊಳ್ಳಿ ಸೇರಿದರೂ ಹೊಗೆ ಬರುತ್ತದೆ, ಕಿಡಿ ಹಾರುತ್ತದೆ, ಯಾರದೋ ಬಿಳಿ ಅಂಗಿ ಹಾಳಾಗುತ್ತದೆ. ಗಂಟೆಯ ಇದ್ದಿಲಿಗೆ ಹೊಗೆ ಇಲ್ಲ. ಪೇಟೆಯಲ್ಲಿ ಅವನ ಹೆಸರು ನಿಂತಿದ್ದು ಆ ಒಂದು ಮಾತಿನ ಮೇಲೆ.

ಅಂಥ ಒಬ್ಬ ಇಸ್ತ್ರಿಯವನಿಗೇ ತಂಗಿಯನ್ನು ಕೊಟ್ಟಿದ್ದ.

ತಂಗಿಯ ಗಂಡ ಬೀದಿಯ ಮೂಲೆಯಲ್ಲಿ ತಳ್ಳುಗಾಡಿ ಇಟ್ಟುಕೊಂಡಿದ್ದವನು. ಏಳು ಕಿಲೋ ಪೆಟ್ಟಿಗೆಯನ್ನು ಎಡಗೈಯಲ್ಲೂ ಓಡಿಸಬಲ್ಲವನು. ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಅವನ ತಾಯಿ, ಅಜ್ಜಿಯ ಮಗ್ಗುಲಲ್ಲೇ ಮಲಗುವ ನಾಲ್ಕು ವರ್ಷದ ಮಗಳು. ಹಿಂದಿನದರಲ್ಲಿ ಗಂಡ ಹೆಂಡತಿ ಮತ್ತು ಊರವರ ಬಟ್ಟೆ. ಐದು ತಿಂಗಳ ಹಿಂದೆ ಒಂದು ವಾರ ಬಿಡದೆ ಮಳೆ ಹೊಡೆಯಿತು. ಒಗೆದದ್ದು ಒಣಗಲಿಲ್ಲ. ಹಿಂದಿನ ಕೋಣೆಯಲ್ಲಿ ನಾಲ್ಕು ಹಗ್ಗ ಕಟ್ಟಿ, ಅಂಗಿ ಪ್ಯಾಂಟು ನೇತುಹಾಕಿ, ಕೆಳಗೆ ಅಗ್ಗಿಷ್ಟಿಕೆ ಇಟ್ಟು ಒಣಗಿಸುತ್ತಿದ್ದರು. ಅಣ್ಣನ ಇದ್ದಿಲು ಮುಗಿದು ಅಂಗಡಿಯಿಂದ ತಂದದ್ದು, ಹೊಗೆಯೋ ಹೊಗೆ. ಅವನಿಗೆ ಕೆಮ್ಮು. ಕಿಟಕಿಯನ್ನು ಒಂದು ಗೇಣು ತೆರೆದೇ ಮಲಗುತ್ತಿದ್ದರು. ಆ ಒಂದು ಗೇಣಿನಲ್ಲಿ ಮಳೆ ಒಳಗೆ ಬಂದು ಬಟ್ಟೆ ಮತ್ತೆ ಒದ್ದೆಯಾಗುತ್ತಿತ್ತು.

ಅಣ್ಣನಿಗೆ ವಿಷಯ ಗೊತ್ತಾಗಿ, ಆಗಷ್ಟೇ ಬಿಚ್ಚಿದ ಗೂಡಿನಿಂದ ಒಂದು ಚೀಲ ಇದ್ದಿಲು ಆರಿಸಿದ. ಒಂದೊಂದು ತುಂಡನ್ನೂ ಬಡಿದು ನೋಡಿ ಆರಿಸಿದ. ಹೆಗಲ ಮೇಲೆ ಹೊತ್ತು, ಮಳೆಯಲ್ಲಿ ನೆನೆಯದಂತೆ ಪ್ಲಾಸ್ಟಿಕ್ ಸುತ್ತಿ, ತಾನೇ ತಂದುಕೊಟ್ಟ. ತಂಗಿ ಒಳಗೆ ಚಹಾ ಕಾಯಿಸುತ್ತಿದ್ದಳು. ಬಾಗಿಲಲ್ಲಿ ಅವಳ ಗಂಡ ಮಾತ್ರ ಇದ್ದ. ಅಲ್ಲಿ ಅಣ್ಣ ಒಂದು ಮಾತು ಹೇಳಿದ.

ಮರುದಿನ ಬೆಳಿಗ್ಗೆ ಹಾಲಿನವನು ಬಂದಾಗ ಅತ್ತೆ ಹಿಂದಿನ ಕೋಣೆಯ ಬಾಗಿಲು ಬಡಿದರು. ತಂಗಿ ಬಾಗಿಲಿಗೆ ತಲೆ ಇಟ್ಟು ಮಲಗಿದ್ದಳು. ಬಾಗಿಲ ಕೆಳಗಿನ ಸಂದು ಅವಳನ್ನು ಉಳಿಸಿತ್ತು. ಕಿಟಕಿಯ ಕಡೆ ಮಲಗಿದ್ದ ಗಂಡ ಎದ್ದಿರಲಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ಅಣ್ಣನಿಗೆ ಬಿಡಿಸಿ ಹೇಳಿದರು. ಮುಚ್ಚಿದ ಕೋಣೆಯಲ್ಲಿ ಯಾವ ಇದ್ದಿಲು ಉರಿದರೂ ಒಂದು ವಿಷಗಾಳಿ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. "ಹೊಗೆ ಬಂದಿದ್ರೆ ಕೆಮ್ಮಿಕೊಂಡಾದ್ರೂ ಎದ್ದಿರ್ತಿದ್ರೇನೋ" ಎಂದರು. ಒಳ್ಳೆಯ ಮನುಷ್ಯ, ಸಮಾಧಾನಕ್ಕೆ ಅಂತಲೇ ಹೇಳಿದ್ದು. ವಿಷವೆಲ್ಲ ಹೊಗೆಯಲ್ಲೇ ಇರುವುದು, ಹೊಗೆ ಕಳೆದ ಇದ್ದಿಲು ಹಾಲಿನಷ್ಟು ಚೊಕ್ಕ ಎಂದು ಅಪ್ಪ ಕಲಿಸಿದ್ದ, ಅಪ್ಪನಿಗೆ ಅವನಪ್ಪ. ಮೂರು ತಲೆಮಾರು ಬಯಲಲ್ಲಿ ನಿಂತು ಇದ್ದಿಲು ಸುಟ್ಟವರು. ಅವರಿಗೆ ಮುಚ್ಚಿದ ಕೋಣೆ ಗೊತ್ತಿರಲಿಲ್ಲ.

ಮಣ್ಣು ಮಾಡಿ ಬಂದ ದಿನ ಅತ್ತೆ ನೆರೆದವರ ಮುಂದೆ ಒಂದೇ ಪ್ರಶ್ನೆ ಕೇಳಿದರು. "ವಾರವೆಲ್ಲ ತೆಗೆದಿಟ್ಟಿದ್ದ ಕಿಟಕೀನ ಅವತ್ತು ಹಾಕಿದ್ದು ಯಾರು?"

"ನಾನು" ಎಂದಳು ತಂಗಿ.

"ಯಾಕೆ?"

"ಅವರೇ ಹಾಕು ಅಂದ್ರು."

"ಅವನು ಯಾಕಂತಾನೆ? ಒಂದು ಬೀಡಿ ಹೊಗೆಗೂ ಕಿಟಕಿ ತೆಗಿ ಅನ್ನೋನು. ಈಗ ಸತ್ತೋನ ಬಾಯಿಗೆ ಹಾಕ್ತೀಯಾ?"

ಯಾಕೆ ಅಂದ ಎನ್ನುವುದು ಆ ಮನೆಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಅವನು ಚಪ್ಪಲಿಗಳ ರಾಶಿಯ ಪಕ್ಕದಲ್ಲಿ, ಬಂದವರಿಗೆ ಕುಡಿಯಲು ಕೊಡಲೆಂದು ನೀರಿನ ತಂಬಿಗೆ ಹಿಡಿದು ನಿಂತಿದ್ದ. ಮುಂದೆ ಕೈ ಚಾಚಿದವರಿಗೆ ನೀರು ಬಗ್ಗಿಸಿದ.

ಅತ್ತೆ ಮಗುವನ್ನು ಇಟ್ಟುಕೊಂಡರು. ಸೊಸೆಯನ್ನು ಹೊರಗೆ ಹಾಕಿದರು. ತಂಗಿ ಅಣ್ಣನ ಗುಡಿಸಲಿಗೆ ಬಂದಳು. ಐದು ತಿಂಗಳಲ್ಲಿ ಆರು ಸಲ ಹೋಗಿ ಆ ಬಾಗಿಲಲ್ಲಿ ನಿಂತಳು, ಆರು ಸಲವೂ ತೆರೆಯಲಿಲ್ಲ. ಗುಡಿಸಲಿನ ಬಾಗಿಲನ್ನು ಮಾತ್ರ ಅವಳು ಚಳಿಯಲ್ಲೂ ಹಾಕಗೊಡಲಿಲ್ಲ. ಅಣ್ಣ ಪ್ರತಿ ಸಲ ಅಂದುಕೊಂಡ: ಈ ಗೂಡು ಇಳಿಯಲಿ, ಹೇಳುತ್ತೇನೆ. ಒಂದು ಗೂಡು ಇಳಿಯಿತು. ಇನ್ನೊಂದು ಹತ್ತಿತು. ಹೇಳಿದರೆ ಇವಳು ಎದ್ದು ಹೋಗುತ್ತಾಳೆ, ಅವನಿಗೆ ಇರುವುದು ಇವಳೊಬ್ಬಳೇ. ಹೇಳದಿದ್ದರೆ ಆ ಬಾಗಿಲು ತೆರೆಯುವುದಿಲ್ಲ. ಲೆಕ್ಕ ಅಷ್ಟು ಸರಳವಾಗಿತ್ತು, ಅವನು ಅದನ್ನು ಐದು ತಿಂಗಳು ಬಿಡಿಸುತ್ತ ಕೂತಿದ್ದ.

ತಂಗಿ ಮಣ್ಣಿನ ಬುಟ್ಟಿ ತಂದು ಏಣಿಯ ಬುಡದಲ್ಲಿಟ್ಟಳು.

"ನಾನು ಹತ್ತೂವರೆ ಬಸ್ಸಿಗೆ ಹೋಗ್ತೀನಿ" ಎಂದಳು. "ಲಾರಿ ಹತ್ತಿಸೋವಾಗ ಮಗು ಬೀದಿಗೆ ಬರಲೇಬೇಕಲ್ಲ. ಒಂದ್ಸಲ ನೋಡ್ಕೊಂಡು ಬರ್ತೀನಿ. ನೀನೊಬ್ನೇ ನಿಭಾಯಿಸ್ಕೋತೀಯಾ ಸಾಯಂಕಾಲದವರೆಗೆ?"

"ನಾನೂ ಬಂದು ಮಾತಾಡ್ತಿದ್ದೆ. ಗೂಡು ಇಳಿದಿದ್ರೆ."

"ನೀನು ಏನ್ ಮಾತಾಡ್ತೀಯ? ನಿನ್ನ ಕಂಡ್ರೆ ಅವರಿಗೆ ಅಷ್ಟಿಷ್ಟು ಮರ್ಯಾದೆ ಇದೆ, ಅದನ್ನೂ ಕಳ್ಕೋಬೇಡ." ಅವಳು ಕಾಲಿನಿಂದ ಮಣ್ಣು ತುಳಿಯತೊಡಗಿದಳು. "ಕಿಟಕಿ ನಾನೇ ಕೈಯಾರೆ ಹಾಕಿದ್ದಲ್ವಾ. ಬೈದ್ರೆ ಬೈಸ್ಕೋತೀನಿ."

ಅಣ್ಣ ಏಣಿಯಿಂದ ಇಳಿದ. ಕೆಳಗೆ ನಿಂತು ಹೊಗೆಯ ಕಡೆ ನೋಡುತ್ತ, ತಂಗಿಯ ಕಡೆ ನೋಡದೆ ಹೇಳಿದ.

"ಕಿಟಕಿ ಹಾಕೋಕೆ ಹೇಳಿದ್ದು ನಾನು."

ತಂಗಿಯ ಕಾಲು ಮಣ್ಣಿನಲ್ಲೇ ನಿಂತಿತು.

"ನೀನು ಒಳಗೆ ಚಹಾ ಮಾಡ್ತಿದ್ದೆ. ನಾನು ನಿನ್ನ ಗಂಡನಿಗೆ ಹೇಳ್ದೆ. ಇದಕ್ಕೆ ಹೊಗೆ ಇಲ್ಲ, ಕಿಟಕಿ ಹಾಕ್ಕೊಂಡು ಮಲ್ಕೋ ಅಂತ. ಅದಕ್ಕೇ ಅವನು ನಿನಗೆ ಹಾಕು ಅಂದಿದ್ದು."

ಗೂಡಿನ ಎಡಮಗ್ಗುಲಲ್ಲಿ ಹಿಡಿ ಮಣ್ಣು ಜಾರಿತು. ಇಬ್ಬರಿಗೂ ಕೇಳಿಸಿತು. ಇಬ್ಬರೂ ಅತ್ತ ತಿರುಗಲಿಲ್ಲ.

"ಅವರು ನಗ್ತಿದ್ರಾ ಆವಾಗ?" ಎಂದು ತಂಗಿ ಕೇಳಿದಳು.

"ಹೂಂ. ನಕ್ಕ."

"ವಾರದಿಂದ ನಗು ಇರ್ಲಿಲ್ಲ ಅವರಿಗೆ." ಅವಳು ಕಾಲನ್ನು ಮಣ್ಣಿನಿಂದ ಕಿತ್ತುಕೊಂಡಳು. ಡ್ರಮ್ಮಿನ ಬಳಿ ಹೋಗಿ ಎರಡು ಚೊಂಬು ನೀರು ಹಾಕಿಕೊಂಡು ಕಾಲು ತೊಳೆದಳು. ಬೆರಳ ಸಂದು ಸಂದನ್ನೂ ತೊಳೆದಳು. ಆಮೇಲೆ ಅಂದಳು, "ಬಾ."

"ಎಲ್ಲಿಗೆ?"

"ನನಗೆ ಹೇಳಿದ್ದು ಸಾಲದು. ಅತ್ತೆಗೆ ಹೇಳು."

"ಗೂಡು..."

"ಬಾ ಅಂದೆ."

ಅವನು ಗೂಡಿನ ಸುತ್ತ ಒಂದು ಸುತ್ತು ಬಂದ. ಹನ್ನೆರಡು ಕಂಡಿಗಳಿಗೂ ಒಂದೊಂದು ಹಿಡಿ ಮಣ್ಣು ಒತ್ತಿದ. ಅದರಿಂದ ಪ್ರಯೋಜನವಿಲ್ಲ, ಮೇಲೆ ಬೀಳುವ ತೂತಿಗೆ ಕೆಳಗೆ ಮುಚ್ಚಿ ಏನು ಬಂತು. ಆದರೂ ಒತ್ತಿದ. ಅಂಗಿ ಬದಲಾಯಿಸಲು ಗುಡಿಸಲಿಗೆ ಹೋಗುವಷ್ಟು ಹೊತ್ತಿರಲಿಲ್ಲ.

ಬಸ್ಸಿನಲ್ಲಿ ಪಕ್ಕದವನು ಮೂಗು ಮುಚ್ಚಿಕೊಂಡು ಎದ್ದು ಬೇರೆ ಸೀಟಿಗೆ ಹೋದ. "ಎಲ್ಲಿ ಬೆಂಕಿ ಬಿತ್ತು ಯಜಮಾನ್ರೇ?" ಎಂದು ಕಂಡಕ್ಟರ್ ಚೀಟಿ ಹರಿಯುತ್ತ ಕೇಳಿದ. ಯಾರೋ ನಕ್ಕರು. ಅಣ್ಣ ಹಿಂದಿನ ಗಾಜಿನಲ್ಲಿ ಮರಗಳ ಮೇಲೆ ಏಳುತ್ತಿದ್ದ ಹೊಗೆಯನ್ನು ನೋಡುತ್ತಿದ್ದ. ಕಾಣುವಷ್ಟು ದೂರವೂ ಅದು ಹಳದಿಯಾಗಿಯೇ ಇತ್ತು. ಮೂರನೆಯ ತಿರುವಿನಲ್ಲಿ ಗುಡ್ಡ ಅಡ್ಡ ಬಂತು. ತಂಗಿ ಮುಂದಿನ ಸೀಟಿನಲ್ಲಿ ಒಬ್ಬಳೇ ಕೂತಿದ್ದಳು. ಒಂದೂವರೆ ಗಂಟೆಯ ದಾರಿಯಲ್ಲಿ ಒಂದು ಸಲವೂ ಹಿಂದೆ ತಿರುಗಲಿಲ್ಲ.

ಸಾಮಾನು ಕಟ್ಟುತ್ತಿದ್ದ ಕಾರಣ ಮನೆಯ ಬಾಗಿಲು ತೆರೆದೇ ಇತ್ತು. ಹಳೆ ಸೀರೆಯಲ್ಲಿ ಸುತ್ತಿದ ಪಾತ್ರೆಗಳು, ಸುರುಳಿ ಸುತ್ತಿದ ಚಾಪೆ, ಒಂದು ಕಾಲು ಮುರಿದ ಸ್ಟೂಲು. ಅತ್ತೆ ಟ್ರಂಕಿನ ಮೇಲೆ ಕೂತು ಅದರ ಮುಚ್ಚಳ ಅಮುಕುತ್ತಿದ್ದರು. ಮೊದಲಿಗಿಂತ ಇಳಿದುಹೋಗಿದ್ದರು. ಮಗು ಒಂದು ತುಂಡು ಹಗ್ಗ ಹಿಡಿದು ಗೋಡೆಗೆ ಒರಗಿ ನಿಂತಿತ್ತು.

"ಬಾಗಿಲಿಗೆ ಅಡ್ಡ ನಿಲ್ಬೇಡ. ಸಾಮಾನು ಹೋಗ್ಬೇಕು" ಎಂದರು ಅತ್ತೆ, ಸೊಸೆಯ ಮುಖ ನೋಡದೆ. ಅಣ್ಣನನ್ನು ನೋಡಿದಾಗ ದನಿ ಸ್ವಲ್ಪ ಇಳಿಯಿತು. "ನೀನೂ ಬಂದ್ಯೇನಪ್ಪ. ಬಾ. ಕೂರೋಕೆ ಏನೂ ಉಳಿದಿಲ್ಲ ನೋಡು."

"ಅಮ್ಮ, ಒಂದು ಮಾತು ಹೇಳ್ಬೇಕಿತ್ತು."

"ಮಗು ಕಳಿಸು ಅಂತಾದ್ರೆ ಬೇಡ. ನಿನ್ನ ಮೇಲೆ ನನಗೇನೂ ಇಲ್ಲ. ಆದ್ರೆ ಅದೊಂದು ಬೇಡ."

ಅವನು ಹೇಳಿದ. ತಂಗಿಗೆ ಹೇಳಿದಷ್ಟನ್ನೇ ಹೇಳಿದ. ಎರಡನೆಯ ಸಲ ಸುಲಭವಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ.

ಅತ್ತೆ ಟ್ರಂಕಿನ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿದರು. "ಹೇಗೆ ಹೇಳ್ದೆ?" ಎಂದರು. "ಅವನಿಗೆ ಹೇಳಿದ ಹಾಗೇ ಹೇಳು. ಅದೇ ಮಾತು."

"ಅಮ್ಮ..."

"ಅದೇ ಮಾತು."

ಅಣ್ಣ ಬಾಗಿಲ ಕಡೆ ನೋಡಿದ. ಅವತ್ತು ನಿಂತಿದ್ದೂ ಅಲ್ಲೇ. "'ತಗೋ, ಗಂಟೆ ಮಾಲು. ಕಿಟಕಿ ಬಿಗಿಯಾಗಿ ಹಾಕ್ಕೊಂಡು ರಾಜನ ಹಾಗೆ ಮಲ್ಕೋ. ಒಂದು ಕೆಮ್ಮು ಬಂದ್ರೆ ನನ್ನ ಮೀಸೆ ಬೋಳಿಸು' ಅಂದೆ."

"ಅವನು ಏನಂದ?"

"'ನಿಮ್ಮ ಮೀಸೆ ಬೋಳಿಸೋಕೆ ಇದ್ದಿಲು ಯಾಕೆ ಭಾವ, ನನ್ನ ಇಸ್ತ್ರಿ ಪೆಟ್ಟಿಗೆ ಸಾಕು' ಅಂದ."

ಅತ್ತೆಯ ಮುಖದಲ್ಲಿ ಏನೋ ಓಡಿತು. ಮಗ ಮಾತಾಡಿದ ಹಾಗೇ ಇತ್ತು ಆ ಮಾತು. ಐದು ತಿಂಗಳ ಮೇಲೆ ಅವನದೊಂದು ಹೊಸ ಮಾತು ಮನೆಗೆ ಬಂದಿತ್ತು. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

ಆಮೇಲೆ ಸೊಸೆಯನ್ನು ಕೇಳಿದರು. "ನಿನಗಿದು ಯಾವಾಗ ಗೊತ್ತಾಯ್ತು?"

"ಇವತ್ತು ಬೆಳಿಗ್ಗೆ."

"ಹಾಕು ಅಂದಿದ್ದು ಅವನೇ, ಅಲ್ವಾ."

"ಹೂಂ ಅತ್ತೆ."

"ಒಳಗೆ ಬಾ. ಆ ಚಾಪೆಗೆ ಹಗ್ಗ ಬಿಗಿ. ನನ್ನ ಕೈಲಿ ಆಗ್ತಿಲ್ಲ."

ತಂಗಿ ಹೊಸ್ತಿಲು ದಾಟಿದಳು. ಚಾಪೆಯ ಮುಂದೆ ಮೊಣಕಾಲೂರಿದಳು. ಹಗ್ಗ ಮಗುವಿನ ಕೈಯಲ್ಲಿತ್ತು. ಮಗು ಕೊಡಲಿಲ್ಲ. ಹತ್ತಿರ ಬಂದು, ತಾಯಿಯ ಕತ್ತಿನ ಬಳಿ ಮೂಗಿಟ್ಟು, "ಸುಟ್ಟ ವಾಸನೆ" ಅಂತು. ಅಂದು, ಅಲ್ಲೇ ಮುಖ ಹುದುಗಿಸಿತು. ತಂಗಿಯ ಬೆನ್ನು ಅಲುಗಾಡುವುದು ಅಣ್ಣನಿಗೆ ಕಾಣುತ್ತಿತ್ತು, ಸದ್ದು ಕೇಳಿಸಲಿಲ್ಲ.

"ನೋಡಪ್ಪ" ಎಂದರು ಅತ್ತೆ ಅವನಿಗೆ. ದನಿ ಏರಿರಲಿಲ್ಲ. "ಅವತ್ತು ಹೇಳಿದ್ದು ನಿನಗೆ ಗೊತ್ತಿಲ್ದೆ ಹೇಳಿದ್ದು. ಒಳ್ಳೇದಕ್ಕೇ ಹೇಳಿದ್ದು. ಅದಕ್ಕೆ ನಿನ್ನನ್ನ ನಾನು ಏನೂ ಅನ್ನಲ್ಲ. ಆದ್ರೆ ಇವಳನ್ನ ಆರು ಸಲ ಬೀದೀಲಿ ನಿಲ್ಲಿಸಿ ಬಾಗಿಲು ಹಾಕ್ದೆ ನಾನು. ಈ ಮಗು ಒಳಗೆ ಅಳ್ತಿತ್ತು. ಅಷ್ಟೂ ನನ್ನ ಕೈಯಲ್ಲಿ ಮಾಡಿಸಿದ್ಯಲ್ಲ ನೀನು." ಚಿಲಕದ ಮೇಲಿದ್ದ ಕೈ ತೆಗೆದರು. "ಅದನ್ನ ಹೇಗೆ ನುಂಗ್ಲಿ ಹೇಳು."

ಅವನು ಪಾತ್ರೆಯ ಗಂಟೊಂದನ್ನು ಎತ್ತಿ ಹೊಸ್ತಿಲ ಹೊರಗಿಟ್ಟ.

ಲಾರಿ ನಾಲ್ಕಕ್ಕೇ ಬಂತು. ಟ್ರಂಕು, ಮಂಚದ ಹಲಗೆ, ತಳ್ಳುಗಾಡಿಯ ಚಕ್ರಗಳು, ಎಲ್ಲವನ್ನೂ ಅಣ್ಣನೇ ಹೊತ್ತು ಹತ್ತಿಸಿದ. ಯಾರೂ ಬೇಡ ಅನ್ನಲಿಲ್ಲ, ಯಾರೂ ಕೇಳಲಿಲ್ಲ. ಡ್ರೈವರ್ ಅವನನ್ನು ಕೂಲಿಯವನೆಂದು ತಿಳಿದು "ಆ ಕಡೆಯಿಂದ ಎತ್ತೋ" ಎಂದ. ಅವನು ಆ ಕಡೆಯಿಂದ ಎತ್ತಿದ.

ಮಗು ತಾಯಿಯ ತೊಡೆಯ ಮೇಲೆ ಕೂತು ಕಿಟಕಿಯಿಂದ ಕೇಳಿತು. "ಮಾವ, ನೀನು ಬರಲ್ವಾ ಲಾರೀಲಿ?"

"ಇಲ್ಲಮ್ಮ. ಗೂಡಿದೆ."

ಹೇಳಿದ ಮೇಲೆ, ಐದು ತಿಂಗಳು ತನಗೆ ತಾನೇ ಹೇಳಿಕೊಂಡ ನೆಪವೂ ಅದೇ ಎಂದು ಅವನಿಗೇ ಗೊತ್ತಾಯಿತು. ತಂಗಿ ಆಗ ಅವನನ್ನು ನೋಡಿದಳು, ಬೆಳಗಿನಿಂದ ಮೊದಲನೆಯ ಸಲ.

"ನಿನ್ನ ಬಟ್ಟೆ ಬರೆ ಎಲ್ಲ ಗುಡಿಸಲಲ್ಲೇ ಇದೆ" ಎಂದ. "ತಂದುಕೊಡ್ಲಾ?"

"ಬೇಡ."

"ಫೋನ್ ಮಾಡ್ತೀಯಾ?"

ಅವಳು ಮಗುವಿನ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. "ಗೊತ್ತಿಲ್ಲ ಅಣ್ಣ. ನಿಜವಾಗ್ಲೂ ಗೊತ್ತಿಲ್ಲ."

ಅವನು ಬಸ್ಸಿಳಿದಾಗ ಇನ್ನೂ ಬೆಳಕಿತ್ತು. ಮರಗಳ ಮೇಲೆ ಹೊಗೆ ಇರಲಿಲ್ಲ. ಹೊಗೆ ಇಲ್ಲದಿರುವುದು ಏನೆಂದು ಅವನಿಗೆ ಗೊತ್ತಿತ್ತು, ಆದ್ದರಿಂದ ಓಡಲಿಲ್ಲ. ಗೂಡು ತಲೆ ಕಿತ್ತುಕೊಂಡು ಉರಿಯುತ್ತಿತ್ತು. ಒಂದು ಮಗ್ಗುಲು ಪೂರ್ತಿ ಕುಸಿದು ಒಳಗಿನ ಸೌದೆಯೆಲ್ಲ ಕೆಂಪಾಗಿ ಕಾಣುತ್ತಿತ್ತು. ಮುಂದಿನ ಗೂಡಿಗೆಂದು ಸೌದೆ ತಂದಿದ್ದ ಗಾಡಿಯವನು ಸಲಿಕೆ ಹಿಡಿದು, ಬೆವರಿ, ಮಸಿಯಾಗಿ ನಿಂತಿದ್ದ.

"ಎಲ್ಲಿಗೆ ಹೋಗಿದ್ರಿ ಗಂಟೆಯಣ್ಣ? ಒಂದು ಗಂಟೆ ಹೊತ್ತಿಂದ ಮಣ್ಣು ಎರಚ್ತಿದೀನಿ. ಹತ್ರ ಸೇರಿಸ್ತಿಲ್ಲ. ಬನ್ನಿ, ಇಬ್ಬರೂ ಸೇರಿದ್ರೆ ಅತ್ತ ಕಡೆ ಅರ್ಧನಾದ್ರೂ ಉಳಿಸ್ಬಹುದು."

"ಬಿಡು."

"ಬಿಡು ಅಂದ್ರೆ?"

ಅಣ್ಣ ಅವನ ಕೈಯಿಂದ ಸಲಿಕೆ ತೆಗೆದುಕೊಂಡು ನೆಲಕ್ಕೆ ಊರಿ ನಿಲ್ಲಿಸಿದ. ತುಸು ದೂರದಲ್ಲಿ, ಝಳ ತಾಗುವಷ್ಟು ಹತ್ತಿರದಲ್ಲಿ ಕೂತ. ಗಾಡಿಯವನು ಅವನ ಮುಖ ನೋಡಿ ಬೈಯಬೇಕೆಂದಿದ್ದ ಮಾತನ್ನು ನುಂಗಿಕೊಂಡ. ಸುತ್ತ ಕಣ್ಣಾಡಿಸಿದ.

"ತಂಗಿಯವ್ರು ಕಾಣ್ತಿಲ್ಲ?"

"ಮಗಳ ಹತ್ರ ಹೋದ್ಳು."

"ಅವರತ್ತೆ ಒಪ್ಕೊಂಡ್ರಾ?"

"ಒಪ್ಕೊಂಡ್ರು."

"ಒಳ್ಳೇದಾಯ್ತಲ್ಲ ಮತ್ತೆ."

"ಹೂಂ" ಎಂದ ಅಣ್ಣ. "ಒಳ್ಳೇದಾಯ್ತು."

ಗಾಡಿಯವನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ತಂದ ಸೌದೆಯನ್ನು ಎಲ್ಲಿ ಇಳಿಸಲಿ ಎಂದು ಎರಡು ಸಲ ಕೇಳಿದ. ಉತ್ತರ ಬರದಿದ್ದಾಗ, ಬೆಂಕಿ ತಾಗದಷ್ಟು ದೂರದಲ್ಲಿ, ದಾರಿಯ ಬದಿಗೆ, ಒಂದೊಂದಾಗಿ ಇಳಿಸತೊಡಗಿದ.